ಹೈಫಾದಲ್ಲಿ ಮಡಿದ ನಮ್ಮ ಲ್ಯಾನ್ಸರ್ಸ್

ಪ್ರಶ್ನೆ: ನಮ್ಮ ಮುತ್ತಾತ ಮೈಸೂರು ಸಂಸ್ಥಾನದ ಕುದುರೆ ಸೈನ್ಯವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ರು, ಮೊದಲನೇ ಮಹಾಯುದ್ಧಕ್ಕೆ ಹೋದವ್ರು ವಾಪಸ್ ಬರ್ಲೇ ಇಲ್ಲ ಅಂತ ಮನೇಲಿ ಹೇಳ್ತಾರೆ. ಅಂಥವರ ನೆನಪಿಗೆ ಏನಾದ್ರೂ ಇದ್ಯಾ ಸರ್?
– ಓದುಗರು, ಮಂಡ್ಯ

ಉತ್ತರ: ಖಂಡಿತ ಇದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭ ಇದೆ, ದಿನಾ ಅದರ ಪಕ್ಕದಲ್ಲೇ ಓಡಾಡೋ ಎಷ್ಟೋ ಜನಕ್ಕೆ ಅದೇನು ಅಂತ್ಲೇ ಗೊತ್ತಿಲ್ಲ, ನಂಗಂತೂ ಇದು ತುಂಬಾ ಬೇಜಾರಿನ ವಿಷ್ಯ. 1918ರ ಸೆಪ್ಟೆಂಬರ್ 23ರಂದು ಆಗ ತುರ್ಕರ ಕೈಲಿದ್ದ, ಈಗ ಇಸ್ರೇಲ್‌ನಲ್ಲಿರೋ ಹೈಫಾ ಊರನ್ನ ಜೋಧಪುರ, ಮೈಸೂರು ಲ್ಯಾನ್ಸರ್ಸ್ ಗೆದ್ರು, ಎದುರಿಗೆ ಮೆಷಿನ್ ಗನ್ನು, ತೋಪು, ಇವರ ಕೈಲಿ ಭರ್ಜಿ ಕತ್ತಿ, ಆದ್ರೂ ನಮ್ಮವರು ಕುದುರೆ ಮೇಲೆ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿದ್ದ ತೋಪುಗಳನ್ನ ಹಿಡಿದ್ರು. ದೆಹಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದ್ದೇ, ಇನ್ನೆರಡು ಹೈದರಾಬಾದ್, ಜೋಧಪುರದ್ದು. ಹೈಫಾದಲ್ಲೂ ಭಾರತೀಯ ಸೈನಿಕರ ಸ್ಮಶಾನ ಇದೆ.

ನಿಮ್ಮ ಮುತ್ತಾತನ ಹೆಸರು ಹುಡುಕೋಕೆ, ಯುದ್ಧದಲ್ಲಿ ಮಡಿದ ಸೈನಿಕರ ದಾಖಲೆ ಇಡೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟ್ ನೋಡಿ, ಫ್ರೀ. ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ ಬೇರೆ ಥರ ಹಾಕಿ ನೋಡಿ, ಸಿಗದಿದ್ರೆ ರೆಜಿಮೆಂಟ್ ಹೆಸರಲ್ಲಿ ಹುಡುಕಿ. ಮನೇಲಿ ಹಳೇ ಮೆಡಲ್ ಇದ್ರೆ ಅದರ ಅಂಚು ಗಮನಿಸಿ, ಸೈನಿಕನ ನಂಬರ್, ಹೆಸರು ಅಲ್ಲೇ ಕೆತ್ತಿರ್ತಾರೆ.