ಸಾರಾಂಶ ಓದಿ ‘ಕಾದಂಬರಿ ಮತ್ತು ಸಮಾಜ’ ಪ್ರಬಂಧ ಬರೆಯಬಹುದಾ?

ಇಂಗ್ಲಿಷ್ ಕ್ಲಾಸಿನಲ್ಲಿ ‘ಆಲಿವರ್ ಟ್ವಿಸ್ಟ್’ ಕೊಟ್ಟಿದ್ದಾರೆ, ಅದರಲ್ಲಿ ಕಾಣುವ ಸಮಾಜದ ಬಗ್ಗೆ ಪ್ರಬಂಧ ಬರೆಯಬೇಕು, ಪೂರ್ತಿ ಓದಲು ಟೈಮ್ ಇಲ್ಲ, ಸಾರಾಂಶದ ಜೊತೆ ಆ ಕಾಲದ ಇತಿಹಾಸ ಓದಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಒಂಬತ್ತನೇ ಕ್ಲಾಸಿನಲ್ಲಿ ನಾನು ಮಾಡಿದ್ದು ಇದನ್ನೇ. ಪುಸ್ತಕವೂ ಇದೇ.

ನನಗೆ ಇತಿಹಾಸ ಇಷ್ಟ. ಹಾಗಾಗಿ ಈ ಹೋಂವರ್ಕ್ ಸುಲಭ ಅಂದುಕೊಂಡೆ. ‘ಸಾಹಿತ್ಯ ಸಮಾಜದ ಕನ್ನಡಿ’ ಅಂತ ಶುರು ಮಾಡಿದೆ. ಆಮೇಲೆ ಕೈಗಾರಿಕಾ ಕ್ರಾಂತಿ, ಹಳ್ಳಿ ಬಿಟ್ಟು ನಗರಕ್ಕೆ ಬಂದ ಜನ, ಗಿರಣಿಯಲ್ಲಿ ದುಡಿಯುವ ಮಕ್ಕಳು. ಇಂಗ್ಲೆಂಡಿನಲ್ಲಿ 1834ರಲ್ಲಿ ಬಂದ ಬಡವರ ಕಾನೂನು. ಆ ಕಾನೂನಿನ ಪ್ರಕಾರ ಸಹಾಯ ಬೇಕಾದ ಬಡವರು ವರ್ಕ್‌ಹೌಸ್, ಅಂದರೆ ದುಡಿಸಿಕೊಂಡು ಊಟ ಕೊಡುವ ಬಡವರ ಮನೆ, ಸೇರಬೇಕು, ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೆಳಗಿರಬೇಕು ಅನ್ನುವ ನೀತಿ. ಕೊನೆಗೆ ಈ ಕಾದಂಬರಿ ಬರೆದ ಚಾರ್ಲ್ಸ್ ಡಿಕನ್ಸ್ ಅವರ ಬಾಲ್ಯ: 1824ರಲ್ಲಿ ಅಪ್ಪ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲಿಗೆ ಹೋದರು, ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಲೇಬಲ್ ಅಂಟಿಸಿದ. ಎಲ್ಲವೂ ನಿಜ. ಒಂದು ಇಸವಿಯೂ ತಪ್ಪಿಲ್ಲ.

ಪುಸ್ತಕದಿಂದ ಒಂದಾದರೂ ವಾಕ್ಯ ಎತ್ತಿಕೊಡಬೇಕು ಅಂತ ನಿಯಮವಿತ್ತು. ‘ಮುಖ್ಯ ಉಲ್ಲೇಖಗಳು’ ಅನ್ನುವ ಪಟ್ಟಿಯೊಂದನ್ನು ಹುಡುಕಿ ಅದರಿಂದ ಒಂದು ತೆಗೆದುಕೊಂಡೆ. ಎರಡನೇ ಅಧ್ಯಾಯದ ವಾಕ್ಯ ಅದು. ವರ್ಕ್‌ಹೌಸಿನ ಆಡಳಿತ ಮಂಡಳಿಯವರು ಬಹಳ ತಿಳಿದವರು, ಆಳವಾಗಿ ಯೋಚಿಸುವವರು, ತತ್ತ್ವಜ್ಞಾನಿಗಳು ಅಂತ ಡಿಕನ್ಸ್ ಅಲ್ಲಿ ಹೇಳುತ್ತಾರೆ. ಅದರ ಕೆಳಗೆ ನಾನು ಬರೆದೆ: ‘ಆ ಕಾಲದ ಸಮಾಜಕ್ಕೆ ಅಧಿಕಾರಿಗಳ ಮೇಲೆ ದೊಡ್ಡ ಗೌರವವಿತ್ತು ಅಂತ ಇದರಿಂದ ತಿಳಿಯುತ್ತದೆ.’

ಟೀಚರ್ ಏನೂ ಬೈಯಲಿಲ್ಲ. ಪುಸ್ತಕ ತೆರೆದು ಆ ವಾಕ್ಯದಿಂದ ಮುಂದಕ್ಕೆ ಓದು ಅಂದರು.

ಮುಂದೆ ಏನಿದೆ ಗೊತ್ತಾ? ಈ ‘ತಿಳಿದವರು’ ವರ್ಕ್‌ಹೌಸನ್ನು ಪರೀಕ್ಷಿಸಿ, ಇದುವರೆಗೆ ಯಾರಿಗೂ ಹೊಳೆಯದಿದ್ದ ಸತ್ಯ ಕಂಡುಹಿಡಿಯುತ್ತಾರೆ: ಬಡವರಿಗೆ ಇದು ಇಷ್ಟವಾಗಿಬಿಟ್ಟಿದೆ! ಹಾಗಾಗಿ ಹೊಸ ನಿಯಮ ಮಾಡುತ್ತಾರೆ. ಬಡವರನ್ನು ಯಾರೂ ಬಲವಂತ ಮಾಡುವುದಿಲ್ಲ. ಒಳಗಿದ್ದು ನಿಧಾನವಾಗಿ ಹಸಿವಿನಿಂದ ಸಾಯಬಹುದು, ಇಲ್ಲವೇ ಹೊರಗೆ ಹೋಗಿ ಬೇಗ ಸಾಯಬಹುದು, ಆಯ್ಕೆ ಅವರದು. ಆಮೇಲೆ ನೀರಿಗೆ ಮಿತಿಯಿಲ್ಲದ ಏರ್ಪಾಡು, ದಿನಕ್ಕೆ ಮೂರು ಹೊತ್ತು ತೆಳು ಗಂಜಿ, ವಾರಕ್ಕೆ ಎರಡು ಸಲ ಒಂದು ಈರುಳ್ಳಿ, ಭಾನುವಾರ ಅರ್ಧ ಬನ್ನು.

ಗಟ್ಟಿಯಾಗಿ ಓದುತ್ತಾ ಹೋದಂತೆ ನನ್ನ ಧ್ವನಿ ಇಳಿಯುತ್ತಾ ಹೋಯಿತು. ಆ ಹೊಗಳಿಕೆ ಸಿಟ್ಟಿನ ಮಾತು. ಪುಟದಲ್ಲಿ ಅದರ ಪಕ್ಕದ ವಾಕ್ಯವನ್ನೇ ಓದಿದ್ದರೂ ನನಗೆ ತಿಳಿಯುತ್ತಿತ್ತು.

ಈ ತಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನೀವು ಅದರ ಬಾಗಿಲಲ್ಲೇ ನಿಂತಿದ್ದೀರಿ. ವ್ಯಂಗ್ಯ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಹಿಂದಿನ ಪರೀಕ್ಷೆಯಲ್ಲಿ ಅದರ ವಿವರಣೆ ಸರಿಯಾಗಿ ಬರೆದಿದ್ದೆ. ನಾನು ಸೋಮಾರಿಯೂ ಆಗಿರಲಿಲ್ಲ. ಇತಿಹಾಸ ಓದಲು ಹಾಕಿದ ಹೊತ್ತಿನಲ್ಲಿ ಕಾದಂಬರಿಯ ಕಾಲು ಭಾಗ ಓದಬಹುದಿತ್ತು. ಆದ ತಪ್ಪು ಬೇರೆ. ಆ ಸಮಾಜ ಹೇಗಿತ್ತು ಅಂತ ಮೊದಲೇ ತೀರ್ಮಾನ ಮಾಡಿಕೊಂಡು, ಪುಸ್ತಕವನ್ನು ಸಾಕ್ಷಿಗೆ ಮಾತ್ರ ಕರೆದೆ. ತಲೆಯಲ್ಲಿ ‘ಅಧಿಕಾರಿಗಳು’ ಅನ್ನುವ ಖಾನೆ ಸಿದ್ಧವಾಗಿತ್ತು. ಅಧಿಕಾರಿಗಳ ಬಗ್ಗೆ ಯಾವ ವಾಕ್ಯ ಸಿಕ್ಕರೂ ಅದರೊಳಗೆ ತುರುಕುತ್ತಿದ್ದೆ. ಎಷ್ಟು ಜಾಸ್ತಿ ಇತಿಹಾಸ ಓದಿದೆನೋ ಅಷ್ಟು ಧೈರ್ಯವಾಗಿ ತಪ್ಪು ಬರೆದೆ. ಸಾರಾಂಶವೂ ಇಲ್ಲಿ ಕೈಹಿಡಿಯಲಿಲ್ಲ. ‘ಮಂಡಳಿ ಊಟ ಕಡಿಮೆ ಮಾಡಿತು’ ಅಂತ ಅದು ಹೇಳಿತ್ತು. ಯಾವ ದನಿಯಲ್ಲಿ ಅಂತ ಹೇಳಿರಲಿಲ್ಲ.

ಮುಂದಿನ ವರ್ಷದ ವಿಶೇಷ ಬರವಣಿಗೆ ತರಗತಿಗೆ ಆಯ್ಕೆ ಮಾಡುತ್ತಿದ್ದದ್ದು ಇದೇ ಪ್ರಬಂಧ ನೋಡಿ. ನನಗೆ ಸಿಗಲಿಲ್ಲ. ತುಂಬಾ ಆಸೆಪಟ್ಟಿದ್ದ ತರಗತಿ ಅದು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಮಾಜ ಇತಿಹಾಸದ ಪುಸ್ತಕದಲ್ಲಿದೆ, ಕಥೆ ಕಾದಂಬರಿಯಲ್ಲಿದೆ, ಎರಡನ್ನೂ ಪಕ್ಕದಲ್ಲಿಟ್ಟರೆ ಪ್ರಬಂಧ ಆಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಹಾಗಲ್ಲ. ಸಮಾಜ ಇರುವುದು ಆ ವಾಕ್ಯಗಳ ಒಳಗೇ.

ಹುಡುಗನ ಹೆಸರನ್ನೇ ತೆಗೆದುಕೊಳ್ಳಿ. ‘ಆಲಿವರ್ ಟ್ವಿಸ್ಟ್ ಎಂಬ ಅನಾಥ’ ಅಂತ ಸಾರಾಂಶ ಮುಂದೆ ಹೋಗಿಬಿಡುತ್ತದೆ. ಆ ಹೆಸರು ಬಂದಿದ್ದು ಹೇಗೆ? ಪ್ಯಾರಿಷ್‌ನ (ಊರಿನ ಚರ್ಚಿಗೆ ಸೇರಿದ ಸ್ಥಳೀಯ ಆಡಳಿತದ) ನೌಕರ ಬಂಬಲ್ ಹೆಮ್ಮೆಯಿಂದ ವಿವರಿಸುತ್ತಾನೆ. ಅನಾಥ ಮಕ್ಕಳಿಗೆ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುತ್ತಾರೆ. ಹಿಂದಿನದಕ್ಕೆ ‘ಎಸ್’ ಬಂತು, ಸ್ವಬಲ್ ಅಂತ ಇಟ್ಟ. ಇದಕ್ಕೆ ‘ಟಿ’, ಟ್ವಿಸ್ಟ್ ಅಂತ ಇಟ್ಟ. ಮುಂದೆ ಬರುವವನು ಅನ್ವಿನ್. ಆ ಮಗು ಇನ್ನೂ ಹುಟ್ಟಿಲ್ಲದಿರಬಹುದು, ಹೆಸರು ಮಾತ್ರ ಕಾದು ಕೂತಿದೆ. ಅನಾಥ ಮಗುವೆಂದರೆ ದಾಖಲೆ ಪುಸ್ತಕದ ಮುಂದಿನ ಸಾಲು ಅಷ್ಟೇ ಅನ್ನುವ ವ್ಯವಸ್ಥೆ ಈ ಒಂದು ಮಾತಿನಲ್ಲಿ ಪೂರ್ತಿ ಇದೆ.

ಇನ್ನು ಆಲಿವರ್ ಇನ್ನಷ್ಟು ಗಂಜಿ ಬೇಕು ಅಂತ ಕೇಳುವ ಪ್ರಸಂಗ. ಎಲ್ಲರಿಗೂ ಗೊತ್ತು ಅಂತಲೇ ಯಾರೂ ಸರಿಯಾಗಿ ಓದುವುದಿಲ್ಲ. ಆಲಿವರ್ ತಾನಾಗಿ ಎದ್ದು ಹೋಗುವುದಿಲ್ಲ. ಹುಡುಗರು ಚೀಟಿ ಎತ್ತುತ್ತಾರೆ, ಅವನ ಹೆಸರು ಬರುತ್ತದೆ. ಅವನ ಮಾತಿನಲ್ಲಿ ‘ದಯವಿಟ್ಟು’ ಇದೆ, ‘ಸರ್’ ಇದೆ. ಬಡಿಸುವವನು ದಪ್ಪಗೆ, ಆರೋಗ್ಯವಾಗಿರುವ ಮನುಷ್ಯ. ಆ ಮಾತು ಕೇಳಿ ಅವನ ಮುಖ ಬಿಳಿಚಿಕೊಳ್ಳುತ್ತದೆ, ಆಸರೆಗೆ ಹಂಡೆ ಹಿಡಿದುಕೊಳ್ಳುತ್ತಾನೆ. ಆಮೇಲೆ ಸೌಟಿನಿಂದ ಹೊಡೆಯುತ್ತಾನೆ. ಸುದ್ದಿ ಮಂಡಳಿಗೆ ಹೋಗುತ್ತದೆ. ನಿಯಮದ ಪ್ರಕಾರ ಕೊಟ್ಟ ಊಟ ಮುಗಿಸಿದ ಮೇಲೂ ಕೇಳಿದನಾ ಅಂತ ಅಧ್ಯಕ್ಷನ ಪ್ರಶ್ನೆ. ಮಂಡಳಿಯ ಬಿಳಿ ವೇಸ್ಟ್‌ಕೋಟಿನವನು ಈ ಹುಡುಗ ಗಲ್ಲಿಗೇರುತ್ತಾನೆ ಅನ್ನುತ್ತಾನೆ. ಮಾರನೇ ದಿನ ಬೆಳಿಗ್ಗೆ ಗೇಟಿಗೆ ಚೀಟಿ ಅಂಟಿಸುತ್ತಾರೆ: ಇವನನ್ನು ಕರೆದುಕೊಂಡು ಹೋಗುವವರಿಗೆ ಐದು ಪೌಂಡ್.

ಇಷ್ಟು ಜನ ಮಾತಾಡಿದರು. ಹುಡುಗನಿಗೆ ಹಸಿವಾ ಅಂತ ಒಬ್ಬರೂ ಕೇಳಲಿಲ್ಲ. ಇದರ ಮೇಲೆ ಎರಡು ಪುಟ ಬರೆಯಬಹುದು, 1834ರ ಕಾನೂನು ಗೊತ್ತಿಲ್ಲದೆಯೂ.

ಹಾಗಂತ ಇತಿಹಾಸ ಬೇಡ ಅಂತಲ್ಲ. ಅದು ಪುಟ ಓದಿದ ಮೇಲೆ ಬರಬೇಕು. ಈ ಕಾದಂಬರಿ ‘ಬೆಂಟ್ಲೀಸ್ ಮಿಸಲನಿ’ ಎಂಬ ಪತ್ರಿಕೆಯಲ್ಲಿ 1837ರ ಫೆಬ್ರವರಿಯಿಂದ ತಿಂಗಳ ಕಂತುಗಳಲ್ಲಿ ಬಂತು. ಅಂದರೆ ಆ ಕಾನೂನಿಗೆ ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ಓದುಗರಿಗೆ ಇದು ‘ಆ ಕಾಲದ’ ಕಥೆಯಲ್ಲ, ತಮ್ಮ ಊರಲ್ಲೇ ನಡೆಯುತ್ತಿದ್ದ ಜಗಳ. ನಾನು ಇಸವಿ ಬರೆದಿದ್ದೆ, ಎರಡು ಇಸವಿಗಳ ನಡುವಿನ ದೂರ ನೋಡಿರಲಿಲ್ಲ. ಲೇಖಕರ ಬಾಲ್ಯದ ಕಷ್ಟವನ್ನಂತೂ ಬಿಟ್ಟೇಬಿಡಿ. ಡಿಕನ್ಸ್ ಅದನ್ನು ಜನರಿಗೆ ಹೇಳಿರಲೇ ಇಲ್ಲ. 1870ರಲ್ಲಿ ಅವರು ತೀರಿಕೊಂಡ ಮೇಲೆ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಅದು ಹೊರಗೆ ಬಂತು. ಮೊದಲ ಓದುಗರ ಮನಸ್ಸು ಕಲಕಿದ್ದು ಅದೇನೂ ಗೊತ್ತಿಲ್ಲದೆ.

‘ಕನ್ನಡಿ’ ಅನ್ನುವ ವಾಕ್ಯವನ್ನೂ ದಯವಿಟ್ಟು ಬರೆಯಬೇಡಿ. ಎದುರಿಗೆ ಬಂದದ್ದನ್ನೆಲ್ಲ ಕನ್ನಡಿ ತೋರಿಸುತ್ತದೆ. ಲೇಖಕ ಆರಿಸುತ್ತಾನೆ. ಕೆಲವೊಮ್ಮೆ ತನ್ನ ಕಾಲದ ಕೆಟ್ಟದ್ದನ್ನು ತಾನೇ ಹೊತ್ತು ತರುತ್ತಾನೆ. ಇದೇ ಪುಸ್ತಕದಲ್ಲಿ ಕಳ್ಳ ಹುಡುಗರ ಒಡೆಯ ಫೇಗಿನ್‌ನನ್ನು ಹೆಸರಿಗಿಂತ ಜಾಸ್ತಿ ‘ಯಹೂದಿ’ ಅಂತಲೇ ಕರೆಯಲಾಗಿದೆ. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಡಿಕನ್ಸ್‌ಗೆ ಪತ್ರ ಬರೆದು, ಇದರಿಂದ ತಮ್ಮ ಜನರಿಗೆ ಅನ್ಯಾಯವಾಗಿದೆ ಅಂದರು. ಡಿಕನ್ಸ್ ಮೊದಲು ಸಮರ್ಥಿಸಿಕೊಂಡರು. ಆದರೆ 1867ರ ಆವೃತ್ತಿಯಲ್ಲಿ, ಮುಖ್ಯವಾಗಿ ಕೊನೆಯ ಭಾಗದ ಅಧ್ಯಾಯಗಳಲ್ಲಿ, ಆ ಪದವನ್ನು ಎಷ್ಟೋ ಕಡೆ ತೆಗೆದರು. ಸಾಹಿತ್ಯ ಮತ್ತು ಸಮಾಜ ಅಂದರೆ ನನಗೆ ಇದು. ಹಸಿದ ಮಗುವಿಗಾಗಿ ಮರುಗುವ ಪುಸ್ತಕವೇ ಇನ್ನೊಂದು ಜನಾಂಗವನ್ನು ನೋಯಿಸುತ್ತದೆ. ಓದುಗರೊಬ್ಬರು ಎದ್ದು ನಿಂತು ಕೇಳುತ್ತಾರೆ. ಪುಸ್ತಕ ಬದಲಾಗುತ್ತದೆ. ಒಂದು ಪತ್ರ ಅಷ್ಟು ಕೆಲಸ ಮಾಡಿತು ಅನ್ನುವುದು ನನಗೆ ಈಗಲೂ ದೊಡ್ಡ ವಿಷಯ.

ಟೈಮ್ ಇಲ್ಲ ಅಂದಿರಿ. ಐವತ್ಮೂರು ಅಧ್ಯಾಯ ಅಂದರೆ ಭಯವಾಗುತ್ತದೆ, ನಿಜ. ಆದರೆ ಇದು ಕಂತುಕಂತಾಗಿ ಓದಲೆಂದೇ ಬರೆದದ್ದು. ಇವತ್ತು ಮೊದಲ ಎರಡು ಅಧ್ಯಾಯ ಓದಿ, ಗಟ್ಟಿಯಾಗಿ. ಕಿವಿಗೆ ಬಿದ್ದರೆ ವ್ಯಂಗ್ಯ ಬೇಗ ಗೊತ್ತಾಗುತ್ತದೆ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಪುಟ ಆರಿಸಿ. ಅಲ್ಲಿ ಯಾರು ಮಾತಾಡುತ್ತಾರೆ, ಯಾರು ತೀರ್ಮಾನಿಸುತ್ತಾರೆ, ಯಾರಿಗೆ ಹೆಸರೇ ಇಲ್ಲ ಅಂತ ಗೆರೆ ಹಾಕಿ. ಪ್ರಬಂಧ ಅಲ್ಲಿಂದಲೇ ಶುರುವಾಗಲಿ. ಉಳಿದ ಅಧ್ಯಾಯಗಳನ್ನು ದಿನಕ್ಕೆ ಕೆಲವು ಅಂತ ಓದುತ್ತಾ ಹೋಗಿ. ಗಡುವಿನೊಳಗೆ ಮುಗಿಯದಿದ್ದರೆ ಆ ಭಾಗಕ್ಕೆ ಸಾರಾಂಶ ನೋಡಿ, ಆದರೆ ಓದದ ಭಾಗದಿಂದ ಒಂದು ವಾಕ್ಯವನ್ನೂ ಎತ್ತಿ ಹಾಕಬೇಡಿ.

ಇಂಗ್ಲಿಷ್‌ನಲ್ಲಿ ದೊಡ್ಡ ಪದ ಬೇಕಿಲ್ಲ. ‘ಸಮಾಜ ಕ್ರೂರವಾಗಿತ್ತು’ ಅಂದರೆ ಓದುವವರಿಗೆ ಏನೂ ಸಿಗುವುದಿಲ್ಲ. ‘ಊಟ ಕೇಳಿದ್ದಕ್ಕೆ ಮಂಡಳಿ ಹುಡುಗನನ್ನು ಕೂಡಿಹಾಕಿತು’ ಅನ್ನಿ. ಯಾರು, ಯಾರಿಗೆ, ಏನು ಮಾಡಿದರು. ಇಷ್ಟು ಸ್ಪಷ್ಟವಾಗಿ ಬರೆದರೆ ನಿಮ್ಮ ವ್ಯಾಕರಣದ ಸಣ್ಣ ತಪ್ಪುಗಳನ್ನು ಯಾವ ಒಳ್ಳೆಯ ಟೀಚರೂ ದೊಡ್ಡದು ಮಾಡುವುದಿಲ್ಲ.

ಕೊನೆಯ ಪ್ಯಾರಾಕ್ಕೆ ‘ಇಂದಿಗೂ ಪ್ರಸ್ತುತ’ ಅನ್ನುವ ಮಾತು ಬೇಡ. ಅದರ ಬದಲು ಒಂದು ನಿಜವಾದ ತೊಡಕನ್ನು ಎತ್ತಿಕೊಳ್ಳಿ. ಆಲಿವರ್ ಬೆಳೆದದ್ದು ವರ್ಕ್‌ಹೌಸಿನಲ್ಲಿ, ಮಾತಾಡುವುದು ಮಾತ್ರ ಓದಿದ ಮನೆಯ ಹುಡುಗನ ಇಂಗ್ಲಿಷ್. ಕೊನೆಗೆ ಅವನು ದೊಡ್ಡ ಮನೆತನದವನ ಮಗ ಅಂತ ತಿಳಿಯುತ್ತದೆ, ಆಸ್ತಿಯೂ ಮನೆಯೂ ಸಿಗುತ್ತವೆ. ಅವನಿಗೆ ಬೀದಿಯಲ್ಲಿ ಮೊದಲು ಊಟ ಕೊಡಿಸಿದ, ಫೇಗಿನ್ ಗುಂಪಿನ ಕಳ್ಳ ಹುಡುಗ ಡಾಜರ್ ಬೀದಿ ಭಾಷೆಯವನು. ಅವನೂ ಇನ್ನೂ ಹುಡುಗನೇ. ಒಂದು ನಶ್ಯದ ಡಬ್ಬಿ ಕದ್ದದ್ದಕ್ಕೆ ಗಡೀಪಾರಾಗುತ್ತಾನೆ, ಮತ್ತೆ ಕಥೆಗೆ ಬರುವುದಿಲ್ಲ. ಹಾಗಾದರೆ ಪುಸ್ತಕ ಬಡ ಮಕ್ಕಳೆಲ್ಲರ ಪರವಾ, ಅಥವಾ ತಪ್ಪಾಗಿ ಬಡವರ ನಡುವೆ ಬಿದ್ದ ಒಬ್ಬ ಹುಡುಗನ ಪರವಾ? ನನಗೆ ಎರಡನೆಯದೇ ಅನ್ನಿಸುತ್ತದೆ, ಡಾಜರ್‌ಗಾಗಿ ಬೇಜಾರೂ ಆಗುತ್ತದೆ. ನೀವು ಒಪ್ಪಬೇಕಿಲ್ಲ, ಆದರೆ ಕೋರ್ಟಿನಲ್ಲಿ ಅವನು ಮಾತಾಡುವ ನಲವತ್ಮೂರನೇ ಅಧ್ಯಾಯವನ್ನು ಮಾತ್ರ ಬಿಡದೆ ಓದಿ.