ತಪ್ಪು ದಾರಿಯ ಕರೆಯೂ ಓದುಗರಿಗೆ ಕೇಳಿಸಲಿ

ಮಾನ್ಯರೇ,

ಬೈಬಲಿನ ಜ್ಞಾನೋಕ್ತಿಗಳು ಎಂಬ ಗ್ರಂಥದಲ್ಲಿ ಬರುವ ಸರಿ, ತಪ್ಪು ಎಂಬ ಎರಡು ದಾರಿಗಳನ್ನು ಕುರಿತು ತಾವು ಕಳುಹಿಸಿದ ಪ್ರಬಂಧವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಭಾಷೆ ಶುದ್ಧವಾಗಿದೆ, ಶ್ರದ್ಧೆಯೂ ಕಾಣುತ್ತದೆ. ತೊಡಕಿರುವುದು ತಪ್ಪು ದಾರಿಯನ್ನು ತಾವು ಚಿತ್ರಿಸಿರುವ ಬಗೆಯಲ್ಲಿ. ಮೊದಲ ಪುಟದಲ್ಲೇ ಅದನ್ನು ಮುಳ್ಳು, ಕೆಸರು, ದುರ್ಗಂಧ ಎಂದು ಬಣ್ಣಿಸಿಬಿಟ್ಟರೆ ಅತ್ತ ಕಾಲಿಡುವವರು ಯಾರು?

ಮೂಲಗ್ರಂಥದ ರೀತಿ ಬೇರೆ. 9ನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆದು ನೋಡಿ. ಜ್ಞಾನವೆಂಬಾಕೆ ಮನೆ ಕಟ್ಟಿ, ಏಳು ಕಂಬಗಳನ್ನು ನಿಲ್ಲಿಸಿ, ಔತಣ ಸಿದ್ಧಪಡಿಸಿ, ಪಟ್ಟಣದ ಎತ್ತರದ ಸ್ಥಳಗಳಿಂದ ಕರೆಯುತ್ತಾಳೆ. ಮೂಢತೆಯೆಂಬಾಕೆಯೂ ಪಟ್ಟಣದ ಎತ್ತರದಲ್ಲೇ ಕುಳಿತು, ಅರಿಯದವರು ಇತ್ತ ಬರಲಿ ಎಂಬ ಅದೇ ಮಾತಿನಿಂದ ಕರೆಯುತ್ತಾಳೆ. ಮನುಷ್ಯನಿಗೆ ಸರಿಯೆಂದು ತೋರುವ ದಾರಿಯೊಂದು ಕೊನೆಗೆ ಮರಣಕ್ಕೆ ಮುಟ್ಟಿಸುತ್ತದೆ ಎಂಬ ಎಚ್ಚರಿಕೆ 14ನೆಯ ಅಧ್ಯಾಯದಲ್ಲಿ ಬಂದು 16ರಲ್ಲಿ ಮತ್ತೆ ಬರುತ್ತದೆ. ತಾವೂ ಅದನ್ನು ಉಲ್ಲೇಖಿಸಿದ್ದೀರಿ, ಆದರೆ ಆ ದಾರಿ ಏಕೆ ಸರಿಯೆಂದು ತೋರಿತು ಎಂದು ಕೇಳಿಕೊಳ್ಳದೆ ಮುಂದಕ್ಕೆ ಹೋಗಿದ್ದೀರಿ.

7ನೆಯ ಅಧ್ಯಾಯದ ಯುವಕನನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದಂತೂ ನನಗೆ ತೀರ ಬೇಸರ ತಂದಿತು. ಹೇಳುವವನು ಕಿಟಕಿಯ ಜಾಲರಿಯ ಹಿಂದೆ ನಿಂತಿದ್ದಾನೆ. ಮುಸ್ಸಂಜೆಯಲ್ಲಿ ಹುಡುಗನೊಬ್ಬ ಬೀದಿಯ ಮೂಲೆ ಹಾದು ಹೋಗುತ್ತಿದ್ದಾನೆ. ಅವನನ್ನು ತಡೆದವಳು ಮೊದಲು ಆಡುವ ಮಾತು ಯಜ್ಞದ್ದು, ಆ ದಿನವೇ ತೀರಿಸಿದ ಹರಕೆಯದ್ದು. ಆಮೇಲೆ ಬರುತ್ತವೆ ಐಗುಪ್ತದ (ಈಜಿಪ್ಟಿನ) ನೂಲಿನ ಬಣ್ಣದ ಹಾಸು, ರಕ್ತಬೋಳ, ಅಗುರು, ಲವಂಗಚಕ್ಕೆ. ಗಂಡ ಹಣದ ಗಂಟು ಹಿಡಿದು ದೂರ ಪ್ರಯಾಣ ಹೋಗಿದ್ದಾನೆ, ಹುಣ್ಣಿಮೆಗೇ ಬರುವುದು ಎಂಬ ಭರವಸೆ. ಭಕ್ತಿಯ ಮಾತಿನಿಂದ ಮೊದಲಾಗಿ, ಸುಗಂಧದಲ್ಲಿ ಬೆಳೆದು, ಸಿಕ್ಕಿಬೀಳುವ ಭಯವನ್ನೂ ನೀಗಿಸುವ ಈ ಆಮಂತ್ರಣವನ್ನು ಕೇಳಿದ ಮೇಲಷ್ಟೇ, ಕೊಲ್ಲಲು ಒಯ್ಯುವ ಎತ್ತಿನಂತೆ ಅವನು ಹಿಂಬಾಲಿಸಿದ್ದು ನಮಗೆ ಅರ್ಥವಾಗುತ್ತದೆ.

ಸನ್ಮಾರ್ಗದಲ್ಲಿ ನಡೆದವನಿಗೆ ಸಂಪತ್ತು ಖಚಿತ ಎನ್ನುವ ಕೊನೆಯ ಭಾಗವನ್ನು ದಯವಿಟ್ಟು ಕೈಬಿಡಿ. ಅನ್ಯಾಯದ ದೊಡ್ಡ ಆದಾಯಕ್ಕಿಂತ ನ್ಯಾಯದ ಅಲ್ಪವೇ ಲೇಸು ಎನ್ನುವಾಗ, ನ್ಯಾಯವಂತನ ಕೈ ಬರಿದಾಗಿರಬಹುದೆಂದು ಇದೇ ಗ್ರಂಥ ಒಪ್ಪಿಕೊಂಡಿದೆ. ತಾವು ಬರೆದಿರುವಂಥ ವಾದವನ್ನೇ ಹಿಡಿದು, ಬೈಬಲಿನ ಇನ್ನೊಂದು ಗ್ರಂಥದಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಬೂದಿಯಲ್ಲಿ ಕುಳಿತ ಆ ನಿರಪರಾಧಿಯನ್ನು ಅಪರಾಧಿಯೆಂದರು. ದೇವರ ಕೋಪ ಕೊನೆಗೆ ತಿರುಗಿದ್ದು ಅವರ ಮೇಲೆ. ಕಷ್ಟದಲ್ಲಿರುವ ಓದುಗರೊಬ್ಬರು ನಮ್ಮ ಪತ್ರಿಕೆಯನ್ನು ಓದಿ, ತಮ್ಮ ಬಡತನವೇ ತಮ್ಮ ಪಾಪಕ್ಕೆ ಸಾಕ್ಷಿ ಎಂದು ಭಾವಿಸುವುದನ್ನು ನಾನು ಸಹಿಸಲಾರೆ.

ತಾವು ಒಂದೆಡೆ ಹೆಸರಿಸಿ ಬಿಟ್ಟಿರುವ ಕಳ್ಳತೂಕದ ವ್ಯಾಪಾರಿಯ ಪ್ರಸಂಗವನ್ನು ಆ ಜಾಗದಲ್ಲಿ ಬೆಳೆಸಿ. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಂಡಿರುವ ಅವನು, ಹಗುರವಾದ ಕಲ್ಲನ್ನು ಮೊದಲ ಸಲ ತಕ್ಕಡಿಗೆ ಹಾಕುವಾಗ ತನ್ನ ಮನಸ್ಸಿಗೆ ಯಾವ ಸಮಾಧಾನ ಹೇಳಿಕೊಂಡಿರಬಹುದು ಎಂಬುದನ್ನು ಬರೆಯಿರಿ. ಅಷ್ಟಾದ ಮೇಲೆ ಪ್ರಬಂಧವನ್ನು ಮತ್ತೆ ಕಳುಹಿಸಿ; ಖಂಡಿತವಾಗಿ ಓದುತ್ತೇನೆ.

ಇಂತಿ,
ಸಂಪಾದಕ