ಹಾದಿ ಕೇಳ್ರಿ: ಮೇ ತಿಂಗಳ ಬಿಸಲಾಗ ಕಾಳಿ ಕಾಡಿಗೆ ಒಂದು ವಾರ

(ಬೆಳಗಾವಿಯಲ್ಲಿ ಬಾಡಿಗೆ ಜೀಪು ಓಡಿಸುತ್ತ ಉಳವಿ, ದಾಂಡೇಲಿ, ಕ್ಯಾಸಲ್‌ರಾಕ್ ಹಾದಿ ಸವೆಸಿದ ನಮ್ಮ ಅಂಕಣಕಾರರು ಓದುಗರ ಪ್ರವಾಸದ ಪ್ರಶ್ನೆಗಳಿಗೆ ತಮ್ಮದೇ ಮಾತಿನಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ಮೇ ಮೊದಲ ವಾರ ಮಕ್ಕಳಿಗೆ ರಜೆ, ಯಜಮಾನರಿಗೂ ಬಿಡುವು. ನಮ್ಮದೇ ಕಾರಿದೆ. ನಾವಿಬ್ಬರು, ಎಂಟನೇ ಇಯತ್ತೆ ಮುಗಿಸಿದ ಮಗ, ಹತ್ತು ವರ್ಷದ ಮಗಳು, ಮೊಣಕಾಲು ನೋವಿನ ಅತ್ತೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಡೆ ಒಂದು ವಾರ ಇರಬೇಕೆಂದು ನನ್ನ ಆಸೆ. ದಾಂಡೇಲಿ ಹತ್ತಿರದ ಒಂದು ರಿಸಾರ್ಟಿನವರು ಎರಡು ರಾತ್ರಿಯ ಪ್ಯಾಕೇಜ್ ಹೇಳಿದ್ದಾರೆ. ಉಳಿದ ದಿನ ಗೋವಾಕ್ಕೆ ಹೋಗೋಣ ಎನ್ನುವುದು ಯಜಮಾನರ ಮಾತು. ಮಗನಿಗೆ ಹುಲಿ ಕಾಣಲೇಬೇಕಂತೆ. ಹೇಗೆ ಹೊಂದಿಸುವುದು?
– ಓದುಗರೊಬ್ಬರು, ಜಮಖಂಡಿ

ಉತ್ತರ: ಅಕ್ಕಾರ, ಮೊದಲ ಮಗನ ಜೋಡಿ ಮಾತಾಡ್ರಿ. ಹುಲಿ ಒಂದ ಅವನ ಆಸೆ ಆಗಿದ್ರ ನಾಗರಹೊಳಿಗೋ ಬಂಡೀಪುರಕ್ಕೋ ಹೋಗೋದು ಚಲೋ. ಕಾಳಿಯೊಳಗ ಹುಲಿ ಅದಾವು, ಕರಿ ಚಿರತಿನೂ ಅದಾವು, ಆದ್ರ ಅದು ದಟ್ಟ ಕಾಡು. ಹತ್ತು ಮಾರು ಆಚೆ ನಿಂತ ಕಾಡೆಮ್ಮಿನೂ ಕಾಣೋದಿಲ್ಲ. ಸಫಾರಿ ಮುಗಿಸಿ ಬಂದವರು "ಬರೇ ಗಿಡ ತೋರಿಸಿದ್ರಿ" ಅಂತ ಡ್ರೈವರನ ಮ್ಯಾಲ ಸಿಟ್ಟಾಗೋದನ್ನ ನಾ ಭಾಳ ನೋಡೀನಿ. ಆ ಗಿಡ ನೋಡಾಕ ಮನಸ್ಸಿದ್ದವರಿಗೆ ಮಾತ್ರ ಆ ಕಾಡಿಗೆ ಒಂದು ವಾರನೂ ಸಾಲೋದಿಲ್ಲ.

ಎರಡನೇದು, ವಾರ ಪೂರ್ತಿ ಅಲ್ಲೇ ಇರೋದಾದ್ರ ಇಳಿದುಕೊಳ್ಳೋ ಠಿಕಾಣಿ ಎರಡ ಇರ್ಲಿ. ದಿನಕ್ಕೊಂದು ಊರು, ದಿನಕ್ಕೊಂದು ರೂಮು ಬ್ಯಾಡ. ಚೀಲ ಕಟ್ಟೋದು, ಬಿಚ್ಚೋದು, ಅದರಾಗ ಅತ್ತಿಯವರ ಔಷಧ ಹುಡುಕೋದು, ಇಷ್ಟರಾಗ ಮುಂಜಾನೆ ಹೋಗಿಬಿಡ್ತೈತಿ. ಕಾಡಿನಾಗ ಮುಂಜಾನೆ ಹೋತು ಅಂದ್ರ ದಿನ ಹೋತು. ಮೊದಲ ಮೂರು ರಾತ್ರಿ ಕುಳಗಿ ಇಲ್ಲಾ ಗಣೇಶಗುಡಿ ಕಡೆ, ಆಮ್ಯಾಲಿನ ಮೂರು ರಾತ್ರಿ ಜೋಯಿಡಾ–ಅಣಶಿ ಕಡೆ. ನನ್ನ ಲೆಕ್ಕ ಇಷ್ಟ.

ರಿಸಾರ್ಟಿನ ಪ್ಯಾಕೇಜ್ ಬಿಡ್ರಿ. ಈಜುಗೊಳ, ಮಳಿ ಡ್ಯಾನ್ಸು, ರಾತ್ರಿ ಹನ್ನೊಂದರ ತನಕ ಹಾಡು, ಇದು ಬೇಕಿದ್ರ ಅಷ್ಟು ದೂರ ಹೋಗಬೇಕಾಗಿಲ್ಲ. ಕುಳಗಿಯೊಳಗ ಅರಣ್ಯ ಇಲಾಖೆಯ ನಿಸರ್ಗಧಾಮ ಐತಿ, ಟೆಂಟು ಅದಾವು, ಮಕ್ಕಳಿಗೆ ಕಾಡಿನ ಬಗ್ಗೆ ತೋರಿಸೋ ಒಂದು ಕೇಂದ್ರನೂ ಐತಿ. ಅಣಶಿಯೊಳಗನೂ ಇಲಾಖೆಯ ಬಿಡಾರ ಐತಿ. ರಜಾ ದಿನದಾಗ ಎರಡೂ ಲಗೂನ ತುಂಬ್ತಾವು, ಈಗಿಂದ ಆನ್‌ಲೈನ್ ಬುಕ್ ಮಾಡಿ ಇಡ್ರಿ. ಬುಕ್ ಮಾಡುಮುಂದ ಅತ್ತಿಯವರಿಗೆ ಕಮೋಡ್ ಇದ್ದ ಕೋಣಿ ಐತೇನು ಅಂತ ಫೋನ್ ಹಚ್ಚಿ ಕೇಳ್ರಿ. ಪ್ಯಾಕೇಜ್ ಹಾಳಿಯೊಳಗ ಇದನ್ನ ಯಾರೂ ಬರೆಯೋದಿಲ್ಲ.

ಹೊರಡೋ ದಿನ: ಜಮಖಂಡಿ ಬೆಳಿಗ್ಗೆ ಐದಕ್ಕ ಬಿಡ್ರಿ. ಮುಧೋಳ, ಲೋಕಾಪುರ, ಯರಗಟ್ಟಿ, ಸವದತ್ತಿ, ಧಾರವಾಡ, ಹಳಿಯಾಳ, ದಾಂಡೇಲಿ. ಬಿಸಲು ಏರೋದ್ರಾಗ ಧಾರವಾಡ ದಾಟಿದ್ರಿ ಅಂದ್ರ ಮುಂದ ಸುಮಾರು 55 ಕಿಲೋಮೀಟರು, ಹಳಿಯಾಳ ಬಿಟ್ಟ ಮ್ಯಾಲ ನೆರಳು ಸುರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಂದು ವಾರಕ್ಕಾಗೋವಷ್ಟು ಕಟ್ಟಿಕೊಳ್ರಿ. ಅಲ್ಲಿ ಅನ್ನದ ಊಟ, ಎರಡು ದಿನ ರುಚಿ ಅನಸ್ತೈತಿ, ಮೂರನೇ ದಿನ ನಮ್ಮ ಮಂದಿ ರೊಟ್ಟಿ ಹುಡುಕಾಕ ಹತ್ತತಾರ. ದಾಂಡೇಲಿಯೊಳಗ ಟ್ಯಾಂಕ್ ಫುಲ್ ಮಾಡ್ರಿ, ರೊಕ್ಕ ತೆಗೆದು ಇಟ್ಟುಕೊಳ್ರಿ. ಆಚೆಗೆ ಸಿಗ್ನಲ್ ಬಿಟ್ಟು ಬಿಟ್ಟು ಬರ್ತೈತಿ, ಫೋನಿನ ಪೇಮೆಂಟ್ ನಂಬಿ ಹೋಗಬ್ಯಾಡ್ರಿ. ನಕಾಶೆನೂ ಮೊದಲ ಡೌನ್‌ಲೋಡ್ ಮಾಡಿ ಇಡ್ರಿ.

ಮೊದಲ ಮೂರು ದಿನದಾಗ ಒಂದ ಸಫಾರಿ ಸಾಕು, ಅದೂ ಮುಂಜಾನೇದು. ಫಣಸೋಲಿ ಕಡೆ ಜೀಪು ಬಿಡ್ತಾರ. ಚುಕ್ಕಿ ಜಿಂಕಿ, ಕಡವಿ, ಕಾಡೆಮ್ಮಿ, ಕೆಂಜಳಿಲು ಕಾಣೋ ಸಾಧ್ಯತೆ ಐತಿ. ಉಳಿದ ಎರಡು ಮುಂಜಾನೆ ಜೀಪು ಬ್ಯಾಡ, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗೆ ಇಡ್ರಿ. ದಾಂಡೇಲಿ ಸುತ್ತಮುತ್ತ ನಾಲ್ಕು ನಮೂನಿ ಮಂಗಟ್ಟೆ ಅದಾವು, ದೊಡ್ಡದಂತೂ ಹಾರುಮುಂದ ರೆಕ್ಕಿ ಸಪ್ಪಳ ದೂರದಿಂದನ ಕೇಳ್ತೈತಿ. ನೀವು ಹೋಗೋ ಹೊತ್ತು ಅವು ಮರಿ ಮಾಡೋ ಕಾಲದ ಕೊನೆ. ಹೆಣ್ಣು ದೊಡ್ಡ ಮರದ ಪೊಟರಿಯೊಳಗ ಕುಂತು ಬಾಗಲಾ ಮುಚ್ಚಿಕೊಂಡು ಒಂದು ಸೀಳಷ್ಟ ಬಿಟ್ಟಿರ್ತೈತಿ. ಗಂಡು ಅತ್ತಿ, ಆಲದ ಹಣ್ಣು ಗಂಟಲಾಗ ತುಂಬಿಕೊಂಡು ಬಂದು ಒಂದೊಂದ ಹೊರಗ ತೆಗೆದು ಆ ಸೀಳಿನಾಗಿಂದ ಕೊಡ್ತೈತಿ. ನಿಮ್ಮ ಮಗಳಿಗೆ ಇದು ತಿಳಿದು ಹೋದ್ರ ಹುಲಿ ಮರೀತಾಳ. ಗೂಡಿನ ಮರದ ಕೆಳಗ ಹೋಗಿ ನಿಂದ್ರಬ್ಯಾಡ್ರಿ, ಮಂದಿ ಕಂಡ್ರ ಗಂಡು ಹತ್ತಿರ ಬರೋದಿಲ್ಲ, ಒಳಗ ಕುಂತದ್ದು ಉಪವಾಸ. ದೂರ ಕುಂಡ್ರಿ, ಊರಿನ ಗೈಡ್ ಒಬ್ಬರನ್ನ ಕರಕೊಳ್ರಿ. ಗೈಡಿಗೆ ಕೊಡೋ ರೊಕ್ಕದಾಗ ಚೌಕಾಸಿ ಮಾಡೋದು ನನಗ ಸೇರೋದಿಲ್ಲ. ಯಾವ ಮರಕ್ಕ ಹಣ್ಣು ಬಿಟ್ಟೈತಿ ಅಂತ ಅವರಿಗಷ್ಟ ಗೊತ್ತಿರ್ತೈತಿ.

ಮಧ್ಯಾಹ್ನ ಹನ್ನೊಂದರಿಂದ ನಾಲ್ಕರ ತನಕ ಏನೂ ಇಟ್ಟುಕೊಳ್ಳಬ್ಯಾಡ್ರಿ. ನಮ್ಮ ಕಡೆ ಬಿಸಲು ಒಣ ಬಿಸಲು, ಅಲ್ಲೀದು ಬೆವರು ಇಳಿಸೋ ಧಗಿ. ಮಾವಿನ ಹಣ್ಣು ತಿಂದು, ಮುರುಗಲ ಶರಬತ್ ಕುಡಿದು ಮಲಗ್ರಿ.

ಗಣೇಶಗುಡಿಯೊಳಗ ರಾಫ್ಟಿಂಗ್ ಐತಿ. ಸುಪಾದ ವಿದ್ಯುತ್ ಮನಿಯಿಂದ ನೀರು ಬಿಟ್ಟಾಗಷ್ಟ ಹೊಳಿಯೊಳಗ ಜೋರು ಇರ್ತೈತಿ, ಹಂಗಾಗಿ ಟೈಮ್ ಅವರು ಹೇಳಿದ್ದ ಟೈಮು. ಮಗಳ ವಯಸ್ಸಿಗೆ ಬಿಡ್ತಾರೋ ಇಲ್ಲೋ ಅಂತ ಅಲ್ಲೇ ಕೇಳ್ರಿ, ವಯಸ್ಸು ಹೆಚ್ಚಿಗಿ ಹೇಳಿ ಹತ್ತಿಸಬ್ಯಾಡ್ರಿ. ಸುಪಾ ಆಣೆಕಟ್ಟು 101 ಮೀಟರ್ ಎತ್ತರ. ಹಿಂದ ಜೋಯಿಡಾ ತಾಲೂಕಿಗೆ ಸುಪಾ ಅಂತನ ಹೆಸರಿತ್ತು, ಆ ಸುಪಾ ಊರು ಈಗ ನೀರಿನಾಗ ಐತಿ. ಹೊರಬಿದ್ದ ಮಂದಿಯ ಊರು ರಾಮನಗರ. ವಾಪಸ್ ಬರುಮುಂದ ಅದರ ಮ್ಯಾಲ ಹಾದು ಬರ್ತೀರಿ, ಮಕ್ಕಳಿಗೆ ತೋರಿಸ್ರಿ. ಇಡೀ ನಾಡಿಗೆ ಕರೆಂಟ್ ಕೊಟ್ಟ ತಾಲೂಕಿನಾಗ ಸಂಜೀಕ ಗುಡುಗು ಬಡೀತು ಅಂದ್ರ ಮೊದಲ ಹೋಗೋದು ಕರೆಂಟ. ಟಾರ್ಚು, ಕೊಡಿ ಎರಡೂ ಕೈಯಾಗ ಇರ್ಲಿ.

ನಾಲ್ಕನೇ ದಿನ ಜೋಯಿಡಾ ಕಡೆ ಸರೀರಿ. ಅಲ್ಲಿ ಕುಣಬಿ ಮಂದಿಯ ಮನಿ, ಹವ್ಯಕರ ತ್ವಾಟದ ಮನಿ ಹೋಮ್‌ಸ್ಟೇ ಆಗ್ಯಾವು. ಊಟಕ್ಕ ಹಲಸಿನಕಾಯಿ ಪಲ್ಯ ಅಂತೂ ಬಂದ ಬರ್ತೈತಿ. ಗೆಡ್ಡಿ ಗೆಣಸಿಗೆ ಜೋಯಿಡಾ ಹೆಸರಾಗಿದ್ದು, ಆದ್ರ ಅದರ ಸುಗ್ಗಿ ಚಳಿಗಾಲದಾಗ, ಮೇದಾಗ ಕೇಳಿ ಮುಜುಗರ ಮಾಡಬ್ಯಾಡ್ರಿ.

ಉಳವಿಗೆ ಒಂದು ದಿನ ಪೂರ್ತಿ ಇಡ್ರಿ, ಅದು ಅತ್ತಿಯವರ ದಿನ. ಚನ್ನಬಸವಣ್ಣನವರು ಐಕ್ಯರಾದ ಜಾಗ. ಭಾರತ ಹುಣ್ಣಿವಿ ಜಾತ್ರಿಗೆ ನಮ್ಮ ಜಿಲ್ಲಾದಿಂದ ಚಕ್ಕಡಿ ಕಟ್ಟಿಕೊಂಡು ಹೋಗೋ ಹಾದಿ ಅದು. ಎತ್ತಿಗೆ ಹಾದಿ ಬಿಟ್ಟುಕೊಡ್ತಾ ಜೀಪು ಓಡಿಸಿದವ ನಾನು, ಆವಾಗ ಮೂರು ತಾಸಿನ ಹಾದಿ ಆರು ತಾಸು ಆದ್ರೂ ಯಾರೂ ಹಾರ್ನ್ ಹೊಡೀತಿರಲಿಲ್ಲ. ಮೇದಾಗ ಆ ಗದ್ದಲ ಇರೋದಿಲ್ಲ, ಗುಡಿಯೊಳಗ ಬೇಕಾದಷ್ಟು ಹೊತ್ತು ಕುಂಡ್ರಬಹುದು, ದಾಸೋಹದಾಗ ಉಣ್ಣಬಹುದು. ಆಕಳ ಗವಿ, ಮಹಾಮನೆ ಗವಿಗೆ ನಡೆಯೋದು ನೀವು ಮಕ್ಕಳ ಜೋಡಿ, ಅತ್ತಿಯವರು ಗುಡಿಯೊಳಗ ಇರ್ಲಿ. ಸಿಂಥೇರಿ ಬಂಡಿಗಲ್ಲಿಗೂ ಕವಳಾ ಗವಿಗೂ ಹಂಗ. ಎರಡೂ ಕಡೆ ಮೆಟ್ಟಿಲು ಇಳೀಬೇಕು, ಇಳಿದಷ್ಟು ಹತ್ತಬೇಕು. ಮೊಣಕಾಲು ನೋವಿನವರಿಗೆ "ಸ್ವಲ್ಪ ಐತಿ ಬರ್ರಿ" ಅಂತ ಹೇಳಿ ಕರಕೊಂಡು ಹೋಗೋ ಮಕ್ಕಳನ್ನ ಕಂಡ್ರ ನನಗ ಸಿಟ್ಟು ಬರ್ತೈತಿ. ಎರಡರಾಗ ಒಂದ ಆರಿಸೋದಾದ್ರ ಸಿಂಥೇರಿ. ಆ ಬಂಡಿಯೊಳಗ ಜೇನಗೂಡು ಇರ್ತಾವು, ಕೂಗಾಡಬ್ಯಾಡ್ರಿ.

ಈಗ ಯಜಮಾನರ ಸಮುದ್ರ. ಗೋವಾ ಬ್ಯಾಡ, ಕಾರವಾರ ಮಾಡ್ರಿ. ಅಣಶಿ ಘಟ್ಟ ಇಳಿದು ಕದ್ರಾ ಮ್ಯಾಲ ಕಾರವಾರಕ್ಕ ಹೋಗಿ ಸಂಜಿ ಒಳಗ ವಾಪಸ್ ಬರಬಹುದು. ಕಾಳಿ ಹೊಳಿ ಹುಟ್ಟೋದು ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ, ಸಮುದ್ರ ಸೇರೋದು ಕಾರವಾರದ ಸದಾಶಿವಗಡದ ಹತ್ತಿರ, ಉದ್ದ ಸುಮಾರು 184 ಕಿಲೋಮೀಟರ್ ಅಷ್ಟ. ಸುಪಾದಾಗ ಕಂಡ ಹೊಳಿ ಸಮುದ್ರಕ್ಕ ಬೀಳೋದನ್ನ ಅದ ವಾರದಾಗ ನೋಡ್ತೀರಿ. ಗೋವಾಕ್ಕ ಹೋದ್ರ ಪಾರ್ಕಿಂಗ್ ಹುಡುಕೋದ್ರಾಗ ಅರ್ಧ ದಿನ.

ಒಂದು ಎಚ್ಚರಿಕಿ, ಇದನ್ನ ಸಡ್ಲ ಬಿಡಬ್ಯಾಡ್ರಿ. ಉತ್ತರ ಕನ್ನಡದ ಕಾಡಿನಾಗ ಬ್ಯಾಸಗಿ ಅಂದ್ರ ಮಂಗನ ಕಾಯಿಲೆಯ ಕಾಲ. 1957ರಾಗ ಶಿವಮೊಗ್ಗ ಜಿಲ್ಲಾದ ಕ್ಯಾಸನೂರು ಕಾಡಿನಾಗ ಮೊದಲ ಕಂಡ ರೋಗ, ಹಬ್ಬಸೋದು ಉಣುಗು. ಒಣಾ ಎಲಿ ಮ್ಯಾಲ ಕುಂಡ್ರಬ್ಯಾಡ್ರಿ, ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕ್ರಿ, ಕಾಲುಚೀಲದೊಳಗ ಪ್ಯಾಂಟಿನ ತುದಿ ಸಿಗಸ್ರಿ. ತಿರುಗಾಡಿ ಬಂದ ಕೂಡಲೆ ಬಟ್ಟಿ ಬಿಸಿನೀರಿಗೆ ಹಾಕಿ ಮಕ್ಕಳ ಕಿವಿ ಹಿಂದ, ಕಂಕಳಾಗ ನೋಡ್ರಿ. ಅಲ್ಲಿಯ ಆರೋಗ್ಯ ಇಲಾಖೆಯವರು ಉಣುಗು ಹತ್ತದಂಗ ತಡೆಯೋ ಡೇಪಾ ಎಣ್ಣಿ ಕೊಡ್ತಾರ, ಕೇಳಿ ಹಚ್ಚಿಕೊಳ್ರಿ. ಸತ್ತ ಮಂಗ ಕಂಡ್ರ ಹತ್ತಿರ ಹೋಗದ ಊರವರಿಗೆ ಹೇಳ್ರಿ. ವಾಪಸ್ ಬಂದ ಎರಡು ವಾರದೊಳಗ ಜ್ವರ, ತಲಿ ನೋವು ಬಂದ್ರ ಡಾಕ್ಟರಿಗೆ "ಜೋಯಿಡಾ ಕಾಡಿಗೆ ಹೋಗಿದ್ವಿ" ಅಂತ ಬಾಯಿ ಬಿಟ್ಟು ಹೇಳಬೇಕು.

ವಾಪಸ್ಸಿಗೆ ರಾಮನಗರ, ಲೋಂಡಾ, ಖಾನಾಪುರ, ಬೆಳಗಾವಿ ಹಿಡೀರಿ. ಬೆಳಗಾವಿಯೊಳಗ ಕುಂದಾ ತಗೊಂಡು, ಗೋಕಾಕ ಮ್ಯಾಲ ಮನಿ. ಗೋಕಾಕ ಫಾಲ್ಸ್ ಮೇದಾಗ ಬರೇ ಬಂಡಿಗಲ್ಲು, ನಿಲ್ಲಬ್ಯಾಡ್ರಿ. ಕರದಂಟಿಗೆ ನಿಂತ್ರ ಬ್ಯಾರೆ ಮಾತು.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು, ಎರಡು ಬೈಕು. ಬಿಸಿಲು ತಪ್ಪಿಸಲು ರಾತ್ರಿ ಅಣಶಿ ಘಟ್ಟ ದಾಟಿ, ಮರುದಿನ ಕ್ಯಾಸಲ್‌ರಾಕ್‌ನಿಂದ ರೈಲು ಹಳಿ ಮೇಲೆ ನಡೆದು ದೂಧಸಾಗರ ನೋಡುವ ಯೋಜನೆ. ಡ್ರೋನ್ ಕೂಡ ಇದೆ.
– ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಮೂರಕ್ಕ ಮೂರೂ ಬ್ಯಾಡ. ರಾತ್ರಿ ಘಟ್ಟದಾಗ ಕಾಡೆಮ್ಮಿ ರಸ್ತಾದ ಮ್ಯಾಲ ನಿಂತಿರ್ತಾವು, ಕರಿ ಮೈ, ನಿನ್ನ ಲೈಟಿಗೆ ಕಾಣೋದು ಕಡಿ ಗಳಿಗಿಗೆ. ಹಳಿ ಮ್ಯಾಲ ನಡೆಯೋದು ರೈಲ್ವೆಯವರು ನಿಷೇಧ ಮಾಡ್ಯಾರ. ಸುರಂಗದಾಗ ರೈಲು ಬಂದ್ರ ಸರಿಯಾಕ ಜಾಗ ಇರೋದಿಲ್ಲ. ಹುಲಿ ಸಂರಕ್ಷಿತ ಕಾಡಿನ ಮ್ಯಾಲ ಪರವಾನಗಿ ಇಲ್ಲದ ಡ್ರೋನ್ ಹಾರಿಸಿದ್ರ ಕೇಸು ಬೀಳ್ತೈತಿ. ಅಷ್ಟೆಲ್ಲಾ ಮಾಡಿ ಹೋದ್ರೂ ಮೇದಾಗ ದೂಧಸಾಗರದಾಗ ಸಣ್ಣ ನೀರು. 310 ಮೀಟರ್ ಎತ್ತರದಿಂದ ತುಂಬಿ ಬೀಳೋದು ನೋಡಬೇಕಂದ್ರ ಆಗಸ್ಟ್–ಸಪ್ಟೆಂಬರದಾಗ ಲೋಂಡಾದಾಗ ಗೋವಾ ಕಡೆ ಹೋಗೋ ಹಗಲು ರೈಲು ಹತ್ತು, ಕಿಡಕಿ ಹಿಡಕೊಂಡು ಕುಂಡ್ರು, ನೀರು ಮಗ್ಗಲಾಗ ಬರ್ತೈತಿ. ಈಗಿನ ರಜಾಕ್ಕ ಬೈಕ್ ತಗೊಂಡು ಹಗಲು ಹೊತ್ತು ದಾಂಡೇಲಿ ತನಕ ಹೋಗಿ ಬಾ.

ಪ್ರಶ್ನೆ: ಕಾಡಿಗೆ ಹೊರಟಿರುವ ಮೊಮ್ಮಗನಿಗೆ ದುರ್ಬೀನು ಕೊಡಿಸಬೇಕೆಂದಿದ್ದೇನೆ. ಅಂಗಡಿಯವರು ಹೆಚ್ಚು ದೊಡ್ಡದು ಮಾಡುವುದನ್ನೇ ತಗೊಳ್ಳಿ ಎನ್ನುತ್ತಾರೆ.
– ನಿವೃತ್ತ ಶಿಕ್ಷಕರು, ಅಥಣಿ

ಉತ್ತರ: ಗುರುಗಳ, 8×42 ಅಂತ ಬರೆದದ್ದು ತಗೋರಿ. ಎಂಟು ಅಂದ್ರ ಎಂಟು ಪಟ್ಟು ದೊಡ್ಡದು ಮಾಡೋದು, 42 ಅಂದ್ರ ಮುಂದಿನ ಕಾಜಿನ ಅಗಲ ಮಿಲಿಮೀಟರಿನಾಗ. ಅಗಲ ಹೆಚ್ಚಿದ್ರ ಬೆಳಕು ಹೆಚ್ಚು, ದಟ್ಟ ಕಾಡಿನಾಗ ಮುಖ್ಯ ಅದು. ಹನ್ನೆರಡು, ಹದಿನಾರು ಪಟ್ಟಿನದು ಹುಡುಗರ ಕೈಯಾಗ ನಡಗ್ತೈತಿ, ಹಕ್ಕಿ ಸಿಗೋದ್ರಾಗ ಹಾರಿ ಹೋಗಿರ್ತೈತಿ. ಹೋಗೋ ಮೊದಲ ಮನಿ ಮಾಳಗಿ ಮ್ಯಾಲ ಗಿಳಿ, ಪಾರಿವಾಳ ಹಿಡದು ರೂಢಿ ಮಾಡಸ್ರಿ.

ಪ್ರಶ್ನೆ: ಬೆಳಗಾವಿಯವರಾಗಿ ಎಲ್ಲರನ್ನೂ ದಾಂಡೇಲಿಗೆ ಅಟ್ಟುತ್ತೀರಿ, ನಮ್ಮ ಭೀಮಗಡದ ಹೆಸರೇ ಎತ್ತುವುದಿಲ್ಲ ಯಾಕೆ?
– ಓದುಗರು, ಖಾನಾಪುರ

ಉತ್ತರ: ಬೇಕಂತನ ಎತ್ತೋದಿಲ್ರಿ. ಭೀಮಗಡ 2011ರಾಗ ವನ್ಯಜೀವಿ ಧಾಮ ಆತು, ಸುಮಾರು 190 ಚದರ ಕಿಲೋಮೀಟರ್, ಮಹಾದಾಯಿ ಹುಟ್ಟೋ ಕಾಡು. ಅಲ್ಲಿಯ ಬಾರಾಪೇಡೆ ಗವಿಯೊಳಗ ರಾಟನ್‌ನ ಬಾವಲಿ ಐತಿ, ಜಗತ್ತಿನಾಗ ಬೆರಳೆಣಿಕಿ ಜಾಗದಾಗಷ್ಟ ಕಂಡದ್ದು. ಮಂದಿ ಟಾರ್ಚ್ ಹಿಡಕೊಂಡು ಒಳಗ ಹೊಕ್ರ ಅವು ಗವಿ ಬಿಟ್ಟು ಹೋಗ್ತಾವು. ಹೆಮ್ಮಡಗಾದಾಗ ಇಲಾಖೆಯ ಬಿಡಾರ ಐತಿ, ಅಲ್ಲಿ ಒಂದು ರಾತ್ರಿ ಇದ್ದು, ಅವರು ತೋರಿಸಿದ ಹಾದಿಯೊಳಗ ನಡೆದು ಬರೋರಿಗೆ ನಾ ಯಾವತ್ತೂ ಬ್ಯಾಡ ಅಂದಿಲ್ಲ. ಒಂದು ವಾರ, ಐದು ಮಂದಿ, ಎರಡು ಗಾಡಿ ಅಂತ ಕೇಳಿದವರಿಗೆ ಮಾತ್ರ ದಾಂಡೇಲಿ ಹಾದಿನ ತೋರಸ್ತೀನಿ.